ಹೆಚ್ಚಿನ ವಾರಂಟಿ ಬೇಕಾ, ಬೇಡವಾ?

ಸಂಘದಲ್ಲಿ ಸಾಲ ತೆಗೆದು ಫ್ರಿಜ್ ಕೊಳ್ಳಲು ಹೋಗಿದ್ದೀರಿ ಎಂದುಕೊಳ್ಳಿ. ಬೆಲೆ 15,000 ರೂಪಾಯಿ. ದುಡ್ಡು ಎಣಿಸುವ ಹೊತ್ತಿಗೆ ಅಂಗಡಿಯವರು ಹೇಳುತ್ತಾರೆ: "ಅಕ್ಕಾ, ಇನ್ನು 1,800 ಕೊಟ್ಟುಬಿಡಿ. ಮೂರು ವರ್ಷ ಚಿಂತೆ ಇಲ್ಲ."

ಸಾಲದ ದುಡ್ಡಾದರೆ ಆ 1,800ಕ್ಕೂ ಬಡ್ಡಿ ಕಟ್ಟಬೇಕು. ಆದ್ದರಿಂದ ಕೂಡಲೇ ಹೂಂ ಅನ್ನಬೇಡಿ.

ವಾರಂಟಿ ಅಂದರೆ ಕಂಪನಿಯವರು ಬರೆದುಕೊಡುವ ಮಾತು. ಇಷ್ಟು ದಿನದೊಳಗೆ ಸಾಮಾನು ತಾನಾಗಿ ಕೆಟ್ಟರೆ ನಾವು ರಿಪೇರಿ ಮಾಡಿಕೊಡುತ್ತೇವೆ ಎಂಬ ಮಾತು. ಫ್ರಿಜ್ಜಿಗೆ ಸಾಮಾನ್ಯವಾಗಿ ಒಂದು ವರ್ಷದ ವಾರಂಟಿ ಇದ್ದೇ ಇರುತ್ತದೆ. ಅದಕ್ಕೆ ಬೇರೆ ದುಡ್ಡಿಲ್ಲ. ಒಳಗಿನ ಕಂಪ್ರೆಸರಿಗೆ ಅನೇಕ ಕಂಪನಿಗಳು 10 ವರ್ಷದವರೆಗೂ ಕೊಡುತ್ತವೆ. ಆದರೆ ಗ್ಯಾಸ್ ತುಂಬುವ ಖರ್ಚು, ಕೂಲಿ ಅದರಲ್ಲಿ ಸೇರದೇ ಇರಬಹುದು. ಕೇಳಿ ತಿಳಿದುಕೊಳ್ಳಿ.

ಈಗ ಲೆಕ್ಕ ನೋಡಿ. ಅಂಗಡಿಯವರು ಹೇಳಿದ ಮೂರು ವರ್ಷದಲ್ಲಿ ಮೊದಲನೆಯದು ಹೇಗೂ ನಿಮ್ಮದೇ. ನೀವು 1,800 ಕೊಡುವುದು ಉಳಿದ ಎರಡು ವರ್ಷಕ್ಕೆ ಮಾತ್ರ. ಆ ಎರಡು ವರ್ಷದಲ್ಲಿ ಫ್ರಿಜ್ ಕೆಡದಿದ್ದರೆ ಆ ದುಡ್ಡು ವಾಪಸ್ ಬರೋದಿಲ್ಲ.

ಕೆಟ್ಟಿತು ಅನ್ನಿ. ಆಗ ಎಲ್ಲವೂ ಬಿಟ್ಟಿ ಆಗುತ್ತದೆಯೇ? ಕಾಗದದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನೇ ಓದಬೇಕು. ಪ್ಲಾಸ್ಟಿಕ್, ಗಾಜು, ರಬ್ಬರ್, ಬಲ್ಬ್ ಇವುಗಳನ್ನು ಹೆಚ್ಚಾಗಿ ಬಿಟ್ಟಿರುತ್ತಾರೆ. ಇಲಿ ವೈರ್ ಕಡಿದರೆ, ಕರೆಂಟ್ ಏರುಪೇರಾಗಿ ಸುಟ್ಟರೆ ಆಗೋದಿಲ್ಲ ಅಂತಲೂ ಇರಬಹುದು. ನಮ್ಮ ಹಳ್ಳಿಗಳಲ್ಲಿ ಸಾಮಾನು ಹಾಳಾಗುವುದು ಹೆಚ್ಚಾಗಿ ಇವುಗಳಿಂದಲೇ ಅಲ್ಲವೇ? ವೋಲ್ಟೇಜ್ ಏರುಪೇರಿರುವ ಊರಾದರೆ ಅದೇ ದುಡ್ಡಿಗೆ ಸ್ಟೆಬಿಲೈಸರ್ ಕೊಳ್ಳುವುದು ಮೇಲು.

ಇನ್ನೊಂದು ಮಾತು ಕೇಳಿ. ಈ ವಾರಂಟಿ ಕೊಡುವವರು ಯಾರು? ಫ್ರಿಜ್ ಮಾಡಿದ ಕಂಪನಿಯೋ, ಬೇರೆಯವರೋ? ರಿಪೇರಿ ಮಾಡುವವರು ನಿಮ್ಮ ಊರಿಗೆ ಬರ್ತಾರಾ? ಫ್ರಿಜ್ ಹೊತ್ತು ನೀವೇ ಜಿಲ್ಲೆಗೆ ಹೋಗಬೇಕಾದರೆ ಅಂಥ ವಾರಂಟಿ ಇದ್ದೂ ಇಲ್ಲದಂತೆ.

ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆಗೆ ಇದು ಬೇಡವೇ ಬೇಡ. ಕೆಟ್ಟರೆ ಸಂತೆ ಪೇಟೆಯಲ್ಲೇ ಕಡಿಮೆ ದುಡ್ಡಿಗೆ ರಿಪೇರಿ ಆಗುತ್ತದೆ. ದೊಡ್ಡ ಟಿ.ವಿ.ಯ ಮಾತು ಬೇರೆ. ಅದರ ಪರದೆ ಹೋದರೆ ಹೊಸ ಟಿ.ವಿ.ಗೆ ಆಗುವಷ್ಟೇ ಖರ್ಚು ಬರಬಹುದು. ಪರದೆಯೂ ಸೇರಿದೆ ಅಂತ ಕಾಗದದಲ್ಲಿದ್ದರೆ, ಬೆಲೆಯೂ ಕಡಿಮೆ ಇದ್ದರೆ, ಯೋಚನೆ ಮಾಡಬಹುದು. ಅದೂ ಅವತ್ತೇ ಆಗಬೇಕೆಂದಿಲ್ಲ. ಕೆಲವು ಕಂಪನಿಗಳು ಮೊದಲ ವರ್ಷ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಕೊಡುತ್ತವೆ.

"ಇದನ್ನು ತಗೊಂಡರೇ ಫ್ರಿಜ್ ಕೊಡೋದು" ಅಂತ ಯಾರೂ ಒತ್ತಾಯ ಮಾಡುವಂತಿಲ್ಲ. ಮಾಡಿದರೆ 1915ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಗ್ರಾಹಕ ಸಹಾಯವಾಣಿ. ವಾರಂಟಿ ಇದ್ದೂ ರಿಪೇರಿ ಮಾಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 2019ರ ಕಾಯಿದೆ ಬಂದ ಮೇಲೆ ನೀವು ವಾಸ ಮಾಡುವ ಜಿಲ್ಲೆಯಲ್ಲೇ ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಸಾಮಾನಿಗೆ ಶುಲ್ಕವಿಲ್ಲ.

ಇದಕ್ಕೆಲ್ಲ ಬಿಲ್ ಬೇಕು. ಅದರಲ್ಲಿ ತಾರೀಖು, ಅಂಗಡಿಯ ಹೆಸರು ಇದೆಯಾ, ಓದಿ ನೋಡಿ. ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಹಾಕಿಸಿ. ಈಗಿನ ನುಣುಪು ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗಬಹುದು. ಅವತ್ತೇ ಜೆರಾಕ್ಸ್ ಮಾಡಿಸಿ, ರೇಷನ್ ಕಾರ್ಡಿನ ಜೊತೆ ಇಡಿ.