ಜಾತಿಗೊಂದು ಬೋರ್ಡಿಂಗ್, ಊರು ಮಾತ್ರ ಪುರೋಗಾಮಿ!

ಕೊಲ್ಹಾಪುರಕ್ಕೆ ಅಂಬಾಬಾಯಿ ದರ್ಶನಕ್ಕೆಂದು ಹೋಗುವ ಕನ್ನಡಿಗರಿಗೆ ಲೆಕ್ಕವಿಲ್ಲ. ಗುಡಿ ನೋಡುತ್ತಾರೆ, ಚಪ್ಪಲಿ ಕೊಳ್ಳುತ್ತಾರೆ, ತಾಂಬಡಾ-ಪಾಂಢರಾ ರಸ್ಸಾ ಸವಿದು ಬಸ್ಸು ಹತ್ತುತ್ತಾರೆ. ಮುಂದಿನ ಸಲ ಹೋದಾಗ ದಯವಿಟ್ಟು ದಸರಾ ಚೌಕದಲ್ಲಿ ಇಳಿದುಬಿಡಿ. ಶಾಹೂ ಮಹಾರಾಜರ ಪ್ರತಿಮೆಯ ಬಳಿ ನಿಂತು ಸುತ್ತ ಒಮ್ಮೆ ಕಣ್ಣು ಹಾಯಿಸಿ. ಅಗೋ ಮುಸ್ಲಿಂ ಬೋರ್ಡಿಂಗ್. ಅಲ್ಲೇ ದಿಗಂಬರ ಜೈನ ಬೋರ್ಡಿಂಗ್. ಸಮೀಪದಲ್ಲೇ ಸಾರಸ್ವತ ಬೋರ್ಡಿಂಗ್. ಅಸ್ಪೃಶ್ಯರೆಂದು ಊರಾಚೆ ಇಟ್ಟವರ ಮಕ್ಕಳಿಗಾಗಿಯೇ ತೆರೆದ ಮಿಸ್ ಕ್ಲಾರ್ಕ್ ಬೋರ್ಡಿಂಗ್. ಅರೆ, ಇದೇನು, ಚಿತ್ರದುರ್ಗ ಮಠ! ನಮ್ಮ ಚಿತ್ರದುರ್ಗದ ಹೆಸರು ಈ ಮರಾಠಿ ಪೇಟೆಯ ನಟ್ಟನಡುವೆ!

ಬೋರ್ಡಿಂಗ್ ಎಂದರೆ ವಿದ್ಯಾರ್ಥಿನಿಲಯ. ಊರಿನ ಉಳಿದ ಕಡೆ ಹುಡುಕುತ್ತ ಹೋದರೆ ಮರಾಠಾ, ಲಿಂಗಾಯತ, ದೈವಜ್ಞ, ನಾಮದೇವ ಶಿಂಪಿ, ಕ್ರೈಸ್ತ, ದೇವಾಂಗ... ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇಷ್ಟೊಂದು ಜಾತಿಯ ಬೋರ್ಡು ನೇತುಹಾಕಿಕೊಂಡ ಊರು ಹೇಗಿರಬೇಕು? ಪರಸ್ಪರ ಮುಖ ನೋಡದ ಊರಾಗಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಇಡೀ ಮಹಾರಾಷ್ಟ್ರ ಕೊಲ್ಹಾಪುರವನ್ನು ಕರೆಯುವುದೇ ‘ಪುರೋಗಾಮಿ’ ಎಂದು! ಮುಂದೆ ನಡೆಯುವ ಊರು, ಉದಾರ ಮನಸ್ಸಿನ ಊರು ಎಂದು!

ಈ ಒಗಟಿನ ಬೆನ್ನು ಹತ್ತಿದರೆ ಸಿಗುವುದು ಜಗತ್ತಿನ ದೊಡ್ಡ ದೊಡ್ಡ ವಿದ್ವಾಂಸರು ತಲೆ ಕೆಡಿಸಿಕೊಂಡ ಪ್ರಶ್ನೆ. ಬಗೆಬಗೆಯ ಜನ ಒಂದೆಡೆ ಸೇರಿದರೆ ಊರು ತಾನಾಗಿ ಉದಾರವಾಗುತ್ತದೆಯೇ? ಅಮೆರಿಕದವರು ಇದನ್ನು ಕಪ್ಪು-ಬಿಳಿ ಬಣ್ಣದ ಲೆಕ್ಕದಲ್ಲಿ ಕೇಳುತ್ತಾರೆ, ನಾವು ಜಾತಿ, ಧರ್ಮ, ಭಾಷೆಯ ಲೆಕ್ಕದಲ್ಲಿ. 1954ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞ, ಬೆರೆತರೆ ಪೂರ್ವಗ್ರಹ ಕರಗುತ್ತದೆ ಎಂದ. ಜೊತೆಗೆ ಷರತ್ತುಗಳನ್ನೂ ಹಾಕಿದ: ಬೆರೆಯುವವರು ಸಮಾನರಾಗಿರಬೇಕು, ಗುರಿ ಒಂದೇ ಇರಬೇಕು, ಕೂಡಿ ದುಡಿಯಬೇಕು, ಆಳುವವರ ಬೆಂಬಲ ಬೇಕು. 2007ರಲ್ಲಿ ರಾಬರ್ಟ್ ಪುಟ್ನಮ್ ಸುಮಾರು 30,000 ಅಮೆರಿಕನ್ನರ ಉತ್ತರ ಕಲೆಹಾಕಿ, ವೈವಿಧ್ಯ ಹೆಚ್ಚಿದ ಕಡೆ ಜನ ಮೊದಮೊದಲು ನೆರೆಯವರನ್ನು ನಂಬದೆ ಚಿಪ್ಪಿನೊಳಗೆ ಸೇರಿಕೊಳ್ಳುತ್ತಾರೆ ಎಂದು ಬರೆದು ಬೆಚ್ಚಿಬೀಳಿಸಿದ. ಇವರಿಬ್ಬರ ನಡುವೆ, 2002ರಲ್ಲಿ, ನಮ್ಮವರೇ ಆದ ಆಶುತೋಷ್ ವಾರ್ಷ್ಣೆ ಅಲಿಗಢ-ಕಲ್ಲಿಕೋಟೆ, ಹೈದರಾಬಾದ್-ಲಖನೌ, ಅಹಮದಾಬಾದ್-ಸೂರತ್ ನಗರಗಳನ್ನು ಜೋಡಿ ಮಾಡಿ ನೋಡಿದ್ದರು. ನಗರಗಳಲ್ಲಿ ಬೀದಿಯ ನಮಸ್ಕಾರ-ಸಲಾಮು ಸಾಲದು. ಸಂಘ, ಸಹಕಾರಿ, ಕ್ಲಬ್ಬು, ಯೂನಿಯನ್ನುಗಳಲ್ಲಿ ಜನ ಕೂಡಿ ಕೆಲಸ ಮಾಡುವ ಊರಷ್ಟೇ ಗಲಭೆಯ ಗಾಳಿಯನ್ನು ತಡೆದು ನಿಲ್ಲುತ್ತದೆ ಎಂಬುದು ಅವರಿಗೆ ಕಂಡ ಸತ್ಯ.

ಈಗ ಕೊಲ್ಹಾಪುರ ಸಂಸ್ಥಾನದ ಅರಸರಾಗಿದ್ದ ಶಾಹೂ ಮಹಾರಾಜರನ್ನು ನೋಡಿ. ಈ ಅಧ್ಯಯನಗಳೆಲ್ಲ ಹುಟ್ಟುವ ಮೊದಲೇ ಅವರು ಪ್ರಯೋಗ ಮಾಡಿ ಮುಗಿಸಿದ್ದರು!

1894ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗನಾಗಿ, ಅವರು ಗಾದಿ ಏರಿದಾಗ ಸಂಸ್ಥಾನದ 71 ಅಧಿಕಾರಿಗಳಲ್ಲಿ 60 ಮಂದಿ ಬ್ರಾಹ್ಮಣರು. 1896ರಲ್ಲಿ ಎಲ್ಲ ಜಾತಿಯವರಿಗೂ ಬಾಗಿಲು ತೆರೆದು ಒಂದು ಸಾರ್ವಜನಿಕ ವಸತಿಗೃಹ ಮಾಡಿದರು, ರಾಜಾರಾಮ್ ಹಾಸ್ಟೆಲ್. ಏನಾಯಿತು ಗೊತ್ತೇ? ಬಾಗಿಲು ಎಲ್ಲರಿಗೂ ತೆರೆದಿತ್ತು, ಒಳಗೆ ಉಳಿದವರು ಮಾತ್ರ ಒಂದೇ ಜಾತಿಯ ಹುಡುಗರು! ಇಲ್ಲಿಯೇ ಮಹಾರಾಜರ ಬುದ್ಧಿ ಬೇರೆ ದಾರಿ ಹಿಡಿಯಿತು. ಶಾಲೆಯ ಮುಖವನ್ನೇ ಕಾಣದ ಮನೆಯ ಹುಡುಗನಿಗೆ ಮೊದಲು ಬೇಕಾದದ್ದು ಅಂಜದೆ ಉಣ್ಣುವ, ಮಲಗುವ ಜಾಗ. ಆಯಾ ಸಮಾಜದ ಮುಖಂಡರೇ ಹಣ ಕೂಡಿಸಿ ನಡೆಸಲಿ, ಜಾಗ-ನೆರವು ಸಂಸ್ಥಾನದ್ದು. ಮಲಗುವುದು ತಮ್ಮ ತಮ್ಮ ಬೋರ್ಡಿಂಗಿನಲ್ಲಿ, ಬೆಳಗಾದರೆ ಎಲ್ಲರೂ ಒಂದೇ ಕಾಲೇಜು, ಒಂದೇ ತಾಲೀಮು. 1901ರಲ್ಲಿ ಮರಾಠಾ ಮತ್ತು ಜೈನ ಬೋರ್ಡಿಂಗು, 1906ರಲ್ಲಿ ಮುಸ್ಲಿಂ ಶಿಕ್ಷಣ ಸಂಸ್ಥೆ (ಅದರ ಅಧ್ಯಕ್ಷ ಸ್ವತಃ ಮಹಾರಾಜರು!), 1907ರಲ್ಲಿ ಲಿಂಗಾಯತ ವಸತಿಗೃಹ, 1908ರಲ್ಲಿ ಮಿಸ್ ಕ್ಲಾರ್ಕ್ ಬೋರ್ಡಿಂಗು. ಈ ನಡುವೆ 1902ರ ಜುಲೈ 26ರಂದು ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇ. 50 ಮೀಸಲು ಎಂಬ ಆಜ್ಞೆ ಹೊರಟಿತು. ಓದಲು ಜಾಗ, ಓದಿದವನಿಗೆ ಕುರ್ಚಿ. ಆಲ್‌ಪೋರ್ಟ್ ಹೇಳಿದ ‘ಸಮಾನರು’ ಆಕಾಶದಿಂದ ಉದುರಲಿಲ್ಲ, ಅವರನ್ನು ತಯಾರು ಮಾಡಲಾಯಿತು.

ಸಮಾನತೆ ಕಾಗದದಿಂದ ಇಳಿದು ಬೀದಿಗೆ ಹೇಗೆ ಬಂತು ಎಂಬುದಕ್ಕೆ ಗಂಗಾರಾಮ ಕಾಂಬಳೆಯವರ ಚಹಾ ಅಂಗಡಿ ಸಾಕ್ಷಿ. ಅರಮನೆಯ ಲಾಯದಲ್ಲಿ ಕೆಲಸಕ್ಕಿದ್ದ ಈ ದಲಿತ, ಮೇಲ್ಜಾತಿಯ ಆಳುಗಳ ನೀರಿನ ತೊಟ್ಟಿ ಮುಟ್ಟಿದ ‘ತಪ್ಪಿಗೆ’ ಏಟು ತಿಂದರು. ಮಹಾರಾಜರು ಹೊಡೆದವರನ್ನು ದಂಡಿಸಿದರು, ಗಂಗಾರಾಮರಿಗೆ ಬಂಡವಾಳ ಕೊಟ್ಟು ಭಾವುಸಿಂಗ್‌ಜಿ ರಸ್ತೆಯಲ್ಲಿ ಹೋಟೆಲು ಹಾಕಿಸಿದರು. ಹೆಸರು ‘ಸತ್ಯಸುಧಾರಕ’. ಗಿರಾಕಿಗಳೇ ಇಲ್ಲ! ಅಸ್ಪೃಶ್ಯ ಕಾಸಿದ ಚಹಾ ಯಾರು ಕುಡಿಯುತ್ತಾರೆ? ಆಗ ಅಂಗಡಿಯ ಮುಂದೆ ಬಂದು ನಿಂತದ್ದು ಸಾಕ್ಷಾತ್ ಛತ್ರಪತಿಯ ಗಾಡಿ. ತಾವು ಚಹಾ ಕುಡಿದರು, ಜೊತೆಗಿದ್ದ ಸರದಾರರಿಗೂ ಅಧಿಕಾರಿಗಳಿಗೂ ಕುಡಿಸಿದರು. ಅರಸ ಎತ್ತಿದ ಕಪ್ಪನ್ನು ಒಲ್ಲೆ ಎನ್ನುವ ಎದೆ ಯಾರಿಗಿತ್ತು! 1922ರಲ್ಲಿ ಮಹಾರಾಜರು ತೀರಿಕೊಂಡ ಮೇಲೆ ಅವರ ಮೊದಲ ಸ್ಮಾರಕ ಕಟ್ಟಿಸಿದವರು ಯಾರೆಂದುಕೊಂಡಿರಿ? ಸರದಾರರಲ್ಲ, ದಿವಾನರಲ್ಲ. 1925ರಲ್ಲಿ ವರ್ಗಣಿ ಎತ್ತಿ ಕಟ್ಟಿಸಿದವರು ಇದೇ ಗಂಗಾರಾಮ ಕಾಂಬಳೆ.

ಈ ಊರಿನ ಫಲ ಕನ್ನಡ ನಾಡಿಗೂ ಹರಿದು ಬಂದದ್ದು ಇನ್ನೊಂದು ಅಚ್ಚರಿ. ಜಮಖಂಡಿ ಸೀಮೆಯ ಸಾವಳಗಿಯ ಹುಡುಗ ಬಿ.ಡಿ. ಜತ್ತಿ ಓದಿದ್ದು ಕೊಲ್ಹಾಪುರದ ರಾಜಾರಾಮ್ ಕಾಲೇಜು, ಸೈಕ್ಸ್ ಲಾ ಕಾಲೇಜುಗಳಲ್ಲಿ. ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿ, ದೇಶದ ಉಪರಾಷ್ಟ್ರಪತಿ! ಸದಲಗಾದ ಆ.ನೇ. ಉಪಾಧ್ಯೆ ದಶಕಗಳ ಕಾಲ ಪ್ರಾಕೃತ ಕಲಿಸಿದ್ದು ಅದೇ ರಾಜಾರಾಮ್ ಕಾಲೇಜಿನಲ್ಲಿ. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅಲ್ಲಿಯೇ ಕನ್ನಡ ಕಲಿಸಿದ ಕೆ.ಜಿ. ಕುಂದಣಗಾರರು 1961ರ ಗದಗ ಸಮ್ಮೇಳನದ ಅಧ್ಯಕ್ಷರು. ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಓದಿ ಪುಸ್ತಕ ಮಾಡಿದವರೂ ಅವರೇ. ಇನ್ನು ಸಂಗೀತ! ಆಸ್ಥಾನ ಗಾಯಕ ಅಲ್ಲಾದಿಯಾ ಖಾನರ ಮಗ ಭೂರ್ಜಿ ಖಾನರು ಅಂಬಾಬಾಯಿ ಗುಡಿಯಲ್ಲಿ ಹಾಡುವ ಸೇವೆಯಲ್ಲಿದ್ದರು. ಅಣ್ಣ ಮಂಜಿ ಖಾನರು 1937ರಲ್ಲಿ ತೀರಿಕೊಂಡಾಗ, ಅವರ ಶಿಷ್ಯರಾಗಿದ್ದ ನಮ್ಮ ಮಲ್ಲಿಕಾರ್ಜುನ ಮನಸೂರರು ಪಾಠ ಮುಂದುವರಿಸಿದ್ದು ಈ ಭೂರ್ಜಿ ಖಾನರ ಬಳಿ. ದೇವಿಯ ಗುಡಿಯಲ್ಲಿ ಹಾಡಿದ ಮುಸಲ್ಮಾನ ಉಸ್ತಾದರ ವಿದ್ಯೆ ಧಾರವಾಡದ ವೀರಶೈವ ಗಾಯಕನ ಕೊರಳಲ್ಲಿ!

ಬಣ್ಣ, ಜನಾಂಗ ಎಂದೇ ಕೇಳುವುದಾದರೆ ಅದಕ್ಕೂ ಇಲ್ಲಿ ಉತ್ತರವಿದೆ. 1943ರಿಂದ 1948ರವರೆಗೆ ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ ಸುಮಾರು 5,000 ಪೋಲಂಡ್ ನಿರಾಶ್ರಿತರು ನೆಲೆಸಿದ್ದರು, ಹೆಚ್ಚಿನವರು ಹೆಂಗಸರು, ಮಕ್ಕಳು. ಸ್ಟಾಲಿನ್‌ನ ಶಿಬಿರಗಳಿಂದ ಪಾರಾಗಿ ಬಂದವರಿಗೆ ಪಂಚಗಂಗೆಯ ದಂಡೆಯಲ್ಲಿ ಶಾಲೆ, ಚರ್ಚು, ಅಂಗಡಿ! ಇಂದಿಗೂ ವಾರ್ಸಾ ನಗರದಲ್ಲಿ ಕೊಲ್ಹಾಪುರದ ಹೆಸರಿನ ಸ್ಮಾರಕವಿದೆ.

ಕೊಲ್ಹಾಪುರದ್ದು ಅರಸನ ಕೆಲಸವಾಯಿತು. ಇದೇ ಜಿಲ್ಲೆಯ ಇಚಲಕರಂಜಿಯದು ಮಗ್ಗದ ಕೆಲಸ. 1904ರಲ್ಲಿ ವಿಠ್ಠಲರಾವ್ ದಾತಾರ್ ಇಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು, ಜಹಗೀರುದಾರ ನಾರಾಯಣರಾವ್ ಘೋರ್ಪಡೆಯವರು ಬೆನ್ನಿಗೆ ನಿಂತರು. ಇವತ್ತು ಊರು ಮಲಗಿದರೂ ಖಟಖಟ ಸದ್ದು ಮಲಗುವುದಿಲ್ಲ. ಒಂದು ಮೀಟರ್ ಬಟ್ಟೆ ಎಷ್ಟು ಕೈ ದಾಟುತ್ತದೆ ನೋಡಿ: ನೂಲು ತರುವವನು ಮಾರವಾಡಿ, ಮಗ್ಗದ ಒಡೆಯ ಕೋಷ್ಟಿಯೋ ಜೈನನೋ, ಕಂಡಿಕೆ ಸುತ್ತುವವಳು ಬೆಳಗಾವಿ-ವಿಜಯಪುರ ಸೀಮೆಯ ಕನ್ನಡತಿ, ರಾತ್ರಿ ಪಾಳಿಯಲ್ಲಿ ಮಗ್ಗ ನಡೆಸುವವನು ಉತ್ತರ ಪ್ರದೇಶದಿಂದಲೋ ಬಿಹಾರದಿಂದಲೋ ಬಂದವನು. ಒಬ್ಬ ಕೈ ಬಿಟ್ಟರೆ ಉಳಿದವರ ಒಲೆ ಉರಿಯುವುದಿಲ್ಲ. ಕೂಲಿ ಹೆಚ್ಚಿಸಿ ಎಂದು ಕೇಳುವಾಗ ಜಾತಿ ಕೇಳುತ್ತ ಕೂರಲಾದೀತೇ? ಹಾಗಾಗಿಯೇ ಈ ಊರು ಕೆಂಬಾವುಟದ ಯೂನಿಯನ್ನುಗಳನ್ನು ಬೆಳೆಸಿತು, ಕಾಮ್ರೇಡ್ ಕೆ.ಎಲ್. ಮಲಾಬಾಡೆಯವರನ್ನು ವಿಧಾನಸಭೆಗೂ ಕಳಿಸಿತು. ಇದೇ ಸೀಮೆಯ ಮಾಣಗಾವದಲ್ಲಿಯೇ 1920ರ ಮಾರ್ಚ್ 21, 22ರಂದು ಡಾ. ಅಂಬೇಡ್ಕರರ ಅಧ್ಯಕ್ಷತೆಯ ಬಹಿಷ್ಕೃತರ ಪರಿಷತ್ತು ನಡೆದದ್ದು. ಶಾಹೂ ಮಹಾರಾಜರು ಆ ವೇದಿಕೆಗೆ ಬಂದು, ನಿಮ್ಮ ನಾಯಕ ಸಿಕ್ಕಿದ್ದಾನೆ ಎಂದು ನೆರೆದ ಜನರಿಗೆ ಸಾರಿದರು.

ಜಿಲ್ಲೆಯ ಮತ್ತೊಂದು ಊರು ಗಡಹಿಂಗ್ಲಜದ್ದು ಇನ್ನೂ ಬೇರೆಯೇ ಕಥೆ. ಹಿರಣ್ಯಕೇಶಿ ನದಿಯ ಈ ಪೇಟೆಯಿಂದ ಸಂಕೇಶ್ವರ ಕೂಗಳತೆಯಲ್ಲಿದೆ. ಮೆಣಸಿನಕಾಯಿ ವ್ಯಾಪಾರದಲ್ಲಿ ಕನ್ನಡ-ಮರಾಠಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡುವ ಪದ್ಧತಿಗೂ ಇಲ್ಲಿ ಗಡಿಯಿರಲಿಲ್ಲ. 1975ರಲ್ಲಿ ಬಾಬಾ ಆಢಾವರ ಮಹಾತ್ಮಾ ಫುಲೆ ಸಮತಾ ಪ್ರತಿಷ್ಠಾನ ದೇವದಾಸಿಯರ ಪರಿಷತ್ತನ್ನು ನಡೆಸಿದ್ದು ಪುಣೆಯಲ್ಲಲ್ಲ, ಮುಂಬಯಿಯಲ್ಲಲ್ಲ, ಈ ಸಣ್ಣ ಊರಿನಲ್ಲಿ! ಮಾತಿಲ್ಲದ ಹೆಂಗಸರಿಗೆ ಮೈಕು ಸಿಕ್ಕಿತು.

ಸಣ್ಣ ಪೇಟೆಗಳಿಗೂ ಹಳ್ಳಿಗಳಿಗೂ ಈ ಗಾಳಿ ತಾಗಿದೆ. ಕುರುಂದವಾಡದಲ್ಲಿ ಗಣೇಶ ಚೌತಿಗೆ ಐದು ಮಸೀದಿಗಳೊಳಗೆ ಗಣಪತಿ ಕೂರುತ್ತಾನೆ. ನಂಬಿಕೆ ಬರುವುದಿಲ್ಲವೇ? ಚೌತಿಯ ದಿನ ಹೋಗಿ ನೋಡಿ. ಶಿರೋಳ ತಾಲ್ಲೂಕಿನ ಹೇರವಾಡ 2022ರ ಮೇ ತಿಂಗಳಲ್ಲಿ, ಮಹಾರಾಜರ ನೂರನೆಯ ಸ್ಮೃತಿ ವರ್ಷದಲ್ಲಿ, ವಿಧವೆಯ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿ ಇನ್ನಿಲ್ಲ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿತು.

ಹಾಗಾದರೆ ಎಲ್ಲವೂ ಸುಖವೇ? ಇಲ್ಲ. ಸರ್ವಧರ್ಮದವರನ್ನೂ ಜೊತೆಗಿಟ್ಟುಕೊಂಡ ಶಿವಾಜಿಯ ಕುರಿತು ಬರೆದ ಕಾಮ್ರೇಡ್ ಗೋವಿಂದ ಪಾನ್ಸರೆಯವರಿಗೆ ಇದೇ ಕೊಲ್ಹಾಪುರದಲ್ಲಿ 2015ರ ಫೆಬ್ರುವರಿ 16ರ ಬೆಳಿಗ್ಗೆ ಗುಂಡು ಹೊಡೆದರು. ನಾಲ್ಕು ದಿನಕ್ಕೆ ಅವರು ತೀರಿಕೊಂಡರು. ಆರು ತಿಂಗಳಲ್ಲಿ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಸರದಿ ಬಂತು. 2023ರ ಜೂನ್ 7ರಂದು ಮೊಬೈಲಿನ ಸ್ಟೇಟಸ್ ಒಂದರ ನೆಪದಲ್ಲಿ ಕೊಲ್ಹಾಪುರದ ಬೀದಿಗಳಲ್ಲಿ ಕಲ್ಲುಗಳು ತೂರಿಬಂದವು. 2024ರ ಜುಲೈನಲ್ಲಿ ವಿಶಾಳಗಡದ ತಪ್ಪಲಿನ ಗಜಾಪುರದಲ್ಲಿ ಮುಸ್ಲಿಮರ ಮನೆಗಳ ಮೇಲೆ, ಮಸೀದಿಯ ಮೇಲೆ ದಾಳಿಯಾಯಿತು. ಜನರ ಬೆರಕೆ ಆಗಲೂ ಅಷ್ಟೇ ಇತ್ತು. ಬೆರಕೆಯೊಂದೇ ಊರನ್ನು ಕಾಯುವುದಾಗಿದ್ದರೆ ಆ ಕಲ್ಲುಗಳು ಏಳುತ್ತಲೇ ಇರಲಿಲ್ಲ.

ಮತಪೆಟ್ಟಿಗೆಯ ಕಥೆಯಂತೂ ಬೆರಗಿನ ಮೇಲೆ ಬೆರಗು. 2024ರ ಲೋಕಸಭೆಗೆ ಕೊಲ್ಹಾಪುರ ಕಾಂಗ್ರೆಸ್ಸಿನ, ಅದೇ ರಾಜಮನೆತನದ ಶಾಹೂ ಛತ್ರಪತಿಯವರನ್ನು ಗೆಲ್ಲಿಸಿತು. ಕೆಲವೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಬಂದಾಗ ಇಡೀ ಜಿಲ್ಲೆಯಲ್ಲಿ ಕಾಂಗ್ರೆಸ್ಸಿಗೆ ಒಂದೇ ಒಂದು ಸೀಟಿಲ್ಲ! ಗೆದ್ದ ಮಹಾಯುತಿಯವರಲ್ಲಿ (ಬಿಜೆಪಿ ಇರುವ ಮೈತ್ರಿಕೂಟ) ಒಬ್ಬರು ಕಾಗಲ್ ಕ್ಷೇತ್ರದ ಹಸನ್ ಮುಶ್ರೀಫ್. ಗಡಹಿಂಗ್ಲಜ ಪೇಟೆಯೂ ಸೇರಿದ, ಮುಸ್ಲಿಮರು ತೀರ ಕಡಿಮೆಯಿರುವ ಈ ಕ್ಷೇತ್ರ 1999ರಿಂದ ಒಂದೇ ಸಮನೆ ಒಬ್ಬ ಮುಸ್ಲಿಮರನ್ನು ಆರಿಸುತ್ತ ಬಂದಿದೆ. ಪಕ್ಷದ ಬಾವುಟ ನೋಡಿ ಊರಿನ ಮನಸ್ಸನ್ನು ಅಳೆಯಲು ಹೊರಟವರಿಗೆ ಇಲ್ಲಿ ಲೆಕ್ಕ ತಪ್ಪುತ್ತದೆ.

ಮೂರೂ ಊರು ಸುತ್ತಿದ ಮೇಲೆ ತೀರ್ಪು ಇಷ್ಟು: ಬಗೆಬಗೆಯ ಜನ ಸೇರುವುದರಿಂದ ಊರು ಉದಾರವಾಗುವುದಿಲ್ಲ. ಆ ಜನ ಸರಿಸಮಾನರಾಗಿ ಒಬ್ಬರಿಗೊಬ್ಬರು ಬೇಕಾಗುವಂಥ ಜಾಗಗಳನ್ನು ಯಾರಾದರೂ ಕಟ್ಟಿದರೆ ಆಗುತ್ತದೆ. ಅರಸ ಕಟ್ಟಿದ ಬೋರ್ಡಿಂಗು, ದುಡಿಮೆ ಕಟ್ಟಿದ ಯೂನಿಯನ್ನು, ಚಳವಳಿ ಕಟ್ಟಿದ ಪರಿಷತ್ತು, ಇವು ನಡೆಯುವ ತನಕ ಊರು ಪುರೋಗಾಮಿ. ಇವು ಸೊರಗಿದ ದಿನ ಹೆಸರಷ್ಟೇ ಉಳಿಯುತ್ತದೆ. ನಿಮ್ಮ ಊರಿನಲ್ಲಿ ಎಷ್ಟು ಜಾತಿ, ಎಷ್ಟು ಭಾಷೆ ಇವೆ ಎಂದು ಎಣಿಸಿದ್ದು ಸಾಕು. ಅವರೆಲ್ಲ ಕೂಡಿ ನಡೆಸುವ ಸಂಸ್ಥೆ ಎಷ್ಟಿವೆ ಎಂದು ಎಣಿಸಿ. ಕಡಿಮೆ ಎನಿಸಿದರೆ, ಒಂದನ್ನು ನೀವೇ ಶುರು ಮಾಡಿ.