ಪ್ರೌಢಶಾಲೆಯಲ್ಲಿ ಗಣಕ ಆಟಗಳ ರಚನೆ: ಗಡಿಭಾಗದ ಕನ್ನಡ ತರಗತಿಗೆ ಸಾಧನ ಮತ್ತು ಪಠ್ಯಕ್ರಮದ ಆಯ್ಕೆ

ಗಣಕಯಂತ್ರದ ಮೇಲೆ ಆಡುವ ಆಟಗಳನ್ನು ವಿದ್ಯಾರ್ಥಿಗಳೇ ರಚಿಸುವಂತೆ ಮಾಡುವ ಪಾಠಕ್ರಮವು ಹಲವು ವಿಷಯಗಳನ್ನು ಒಂದೆಡೆ ಕೂಡಿಸುತ್ತದೆ. ಆಟವನ್ನು ಕಟ್ಟುವ ವಿದ್ಯಾರ್ಥಿ ನಿಯಮಗಳನ್ನು ಸಂದಿಗ್ಧವಿಲ್ಲದೆ ಬರೆಯಬೇಕಾಗುತ್ತದೆ, ಗಣಿತವನ್ನು ಬಳಸಬೇಕಾಗುತ್ತದೆ, ಮಾತು, ಚಿತ್ರ, ಧ್ವನಿಗಳನ್ನು ಹೊಂದಿಸಬೇಕಾಗುತ್ತದೆ. ಬೇರೊಬ್ಬರು ಆಡುವಾಗ ಎಲ್ಲಿ ಎಡವುತ್ತಾರೆಂದು ಗಮನಿಸಿ ತನ್ನ ಕೆಲಸವನ್ನು ತಿದ್ದಲೂ ಬೇಕಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಧ್ಯಮ ಹಂತದಿಂದಲೇ ಕೋಡಿಂಗ್ ಚಟುವಟಿಕೆಗಳನ್ನು ಸೂಚಿಸಿರುವುದರಿಂದ ಇಂತಹ ಪಾಠಕ್ರಮಕ್ಕೆ ಶಾಲೆಯಲ್ಲಿ ಅವಕಾಶವೂ ದೊರೆತಿದೆ. ಯಾವ ತಂತ್ರಾಂಶದಿಂದ ಆರಂಭಿಸಬೇಕು, ಯಾವ ಕ್ರಮದಲ್ಲಿ ಕಲಿಸಬೇಕು ಎಂಬ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಯಂತ್ರದ ಸಾಮರ್ಥ್ಯ, ಬೆಲೆ ಮತ್ತು ಉದ್ಯಮದ ಬೇಡಿಕೆಗಳನ್ನು ನೋಡಿ ಉತ್ತರಿಸಲಾಗುತ್ತದೆ. ಸಾಂಗಲಿ ಜಿಲ್ಲೆಯ ಕನ್ನಡ ಮಾಧ್ಯಮದ ತರಗತಿಯನ್ನು ಎದುರಿಗಿಟ್ಟುಕೊಂಡಾಗ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಮಗುವಿನ ಮಾತು ಪರದೆಯ ಮೇಲೆ ಮುರಿಯದೆ ಮೂಡುತ್ತದೆಯೆ?

ತರಗತಿಯ ಭಾಷಾ ಪರಿಸರ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವಭಾಗವೂ ಮಿರಜ ತಾಲೂಕಿನ ಗಡಿಯ ಹಳ್ಳಿಗಳೂ ಕನ್ನಡ ಮಾತು ಬಳಕೆಯಲ್ಲಿರುವ ಪ್ರದೇಶಗಳು. ಮಿರಜ ತಾಲೂಕಿನ ಮ್ಹೈಸಾಳ ದಾಟಿದರೆ ಕರ್ನಾಟಕದ ಕಾಗವಾಡ. ಪುಣೆಯಲ್ಲಿ 1967ರಲ್ಲಿ ಸ್ಥಾಪನೆಗೊಂಡ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯು ಮರಾಠಿಯೊಡನೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ಹೀಗಾಗಿ ವಿಜ್ಞಾನ, ಗಣಿತಗಳ ಪರಿಭಾಷೆ ಇಲ್ಲಿನ ವಿದ್ಯಾರ್ಥಿಗೆ ಕನ್ನಡದಲ್ಲಿ ದೊರೆಯುತ್ತದೆ. ಪೇಟೆ, ಕಚೇರಿ, ಬಸ್ ನಿಲ್ದಾಣಗಳ ಮಾತು ಮರಾಠಿ. ಹತ್ತನೆಯ ತರಗತಿಯ ನಂತರ ವಿಜ್ಞಾನವನ್ನು ಆರಿಸಿಕೊಳ್ಳುವವರು ಇಂಗ್ಲಿಷಿಗೆ ಹೊರಳಬೇಕು.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಗಣಕ ಶಿಕ್ಷಣ ಗಟ್ಟಿಯಾಗಿ ಆರಂಭವಾಗುವ ಪ್ರೌಢಶಾಲೆ ಈ ವಿಧಿಯ ಆಚೆಗಿದೆ. ಇಲ್ಲಿ ಯಾವ ಭಾಷೆಯಲ್ಲಿ ಕಲಿಸಬೇಕೆಂಬುದನ್ನು ಯಾರೂ ತೀರ್ಮಾನಿಸದಿದ್ದಾಗ ಆರಿಸಿದ ತಂತ್ರಾಂಶವೇ ಅದನ್ನು ತೀರ್ಮಾನಿಸಿಬಿಡುತ್ತದೆ. ತನ್ನ ಲಿಪಿಗೆ ಎಡೆಯಿಲ್ಲದ ಸಾಧನವನ್ನು ಎರಡು ವರ್ಷ ಬಳಸಿದ ವಿದ್ಯಾರ್ಥಿ ಕನ್ನಡವು ಗಣಕಕ್ಕೆ ಒಗ್ಗದ ಭಾಷೆಯೆಂದು ಯಾರೂ ಹೇಳದೆಯೇ ನಂಬುತ್ತಾನೆ.

ಮೊದಲ ಪರೀಕ್ಷೆ: ಒತ್ತಕ್ಷರ

ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತಗಳಿಲ್ಲ. ‘ಕೃಷ್ಣಾ’ ಎಂಬ ಪದವು ಕ, ಋಕಾರದ ಚಿಹ್ನೆ, ಷ, ವಿರಾಮ ಚಿಹ್ನೆ, ಣ, ದೀರ್ಘದ ಚಿಹ್ನೆ ಎಂಬ ಆರು ಸಂಕೇತಗಳ ಸಾಲಾಗಿ ಸಂಗ್ರಹವಾಗುತ್ತದೆ. ಇವನ್ನು ಎರಡು ಅಕ್ಷರಗಳಾಗಿ ಕೂಡಿಸಿ ತೋರಿಸುವುದು ಅಕ್ಷರಜೋಡಣೆಯ ತಂತ್ರಾಂಶದ ಕೆಲಸ. ಅಂತರಜಾಲ ವೀಕ್ಷಕಗಳಲ್ಲಿ ಈ ಕೆಲಸ ಸರಿಯಾಗಿ ನಡೆಯುತ್ತದೆ. ಆಟಗಳನ್ನು ರಚಿಸುವ ಅನೇಕ ಎಂಜಿನ್‌ಗಳು ಅಕ್ಷರಗಳನ್ನು ತಮ್ಮದೇ ರೀತಿಯಲ್ಲಿ, ಒಂದು ಸಂಕೇತಕ್ಕೆ ಒಂದು ಚಿತ್ರವೆಂಬ ಲೆಕ್ಕದಲ್ಲಿ ಪರದೆಗೆ ತರುತ್ತವೆ. ಆಗ ಒತ್ತು ಕೆಳಗಿಳಿಯದೆ ಷಕಾರದ ಪಕ್ಕದಲ್ಲಿ ಣಕಾರ ಬಂದು ನಿಲ್ಲುತ್ತದೆ, ಅರ್ಕಾವತ್ತು ಕಾಣೆಯಾಗುತ್ತದೆ. ಮರಾಠಿಯ ಜೋಡಾಕ್ಷರಗಳಿಗೂ ಇದೇ ಗತಿ. ಆದುದರಿಂದ ಈ ಪರೀಕ್ಷೆ ಸಾಂಗಲಿ, ಮಿರಜಗಳ ಮರಾಠಿ ಮಾಧ್ಯಮದ ತರಗತಿಗಳಿಗೂ ಅಷ್ಟೇ ಅಗತ್ಯ.

ಪರೀಕ್ಷೆ ಐದು ನಿಮಿಷದ್ದು. ‘ಕೃಷ್ಣಾ’, ‘ಸೂರ್ಯ’, ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬ ನಾಲ್ಕು ಪದಗಳನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಆಟದ ಪರದೆಯ ಮೇಲೆ ತೋರಿಸಿ, ಶಾಲೆಯದೇ ಗಣಕದಲ್ಲಿ ನೋಡಬೇಕು. ಹಳೆಯ ನುಡಿ, ಬರಹ ಅಥವಾ ಶ್ರೀಲಿಪಿ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ಈ ಪರೀಕ್ಷೆಗೆ ಬಳಸಬಾರದು. ಅವುಗಳ ಸಂಕೇತ ವ್ಯವಸ್ಥೆಯೇ ಬೇರೆ. ಪದಗಳನ್ನು ಚಿತ್ರಗಳಾಗಿ ಅಂಟಿಸಿದರೆ ತೊಂದರೆ ತಪ್ಪುತ್ತದೆಯೆಂಬ ಸಲಹೆಯೂ ಸರಿಯಲ್ಲ. ಚಿತ್ರವಾದ ಪದವನ್ನು ಕ್ರಮವಿಧಿ ಓದಲಾರದು, ಎಣಿಸಲಾರದು, ಆಟಗಾರನ ಹೆಸರಿಗೆ ತಕ್ಕಂತೆ ಬದಲಿಸಲಾರದು.

ಸಾಧನಗಳ ಪರಿಶೀಲನೆ

ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿದ ಸ್ಕ್ರ್ಯಾಚ್, ಆದೇಶಗಳನ್ನು ಇಟ್ಟಿಗೆಗಳಂತೆ ಜೋಡಿಸುವ ಸಾಧನ. 2019ರಲ್ಲಿ ಬಂದ ಮೂರನೆಯ ಆವೃತ್ತಿ ವೀಕ್ಷಕದಲ್ಲಿಯೇ ನಡೆಯುತ್ತದೆ, ಜಾಲಸಂಪರ್ಕವಿಲ್ಲದೆಯೂ ಬಳಸಬಹುದು. ಪಾತ್ರಗಳ ಮಾತು, ಚರಾಕ್ಷರಗಳ ಹೆಸರು ಕನ್ನಡದಲ್ಲಿರಬಹುದು. ಮೊದಲ ತಿಂಗಳಿನ ಕಲಿಕೆಗೆ ಇದಕ್ಕಿಂತ ಸುಲಭವಾದುದು ವಿರಳ.

ಸ್ಕ್ರ್ಯಾಚ್‌ನಿಂದ ಪ್ರೇರಿತವಾಗಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೆಳೆದ ಸ್ನ್ಯಾಪ್, ಪ್ರೌಢಶಾಲೆಗೆ ಹೆಚ್ಚು ತಕ್ಕದ್ದು. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಅನುವಾದ ಅಪೂರ್ಣವಾಗಿದ್ದು ಕೆಲವು ಇಟ್ಟಿಗೆಗಳ ಮೇಲೆ ಇಂಗ್ಲಿಷ್ ಉಳಿದಿದೆಯಾದರೂ ಅದಕ್ಕೆ ಪರಿಹಾರ ಸಾಧನದೊಳಗೇ ಇದೆ. ಶಿಕ್ಷಕರು ‘ಕವಡೆ ಹಾಕು’, ‘ಕಾಯಿ ನಡೆಸು’ ಎಂಬ ಹೊಸ ಇಟ್ಟಿಗೆಗಳನ್ನು ತಾವೇ ಮಾಡಿಕೊಡಬಹುದು. ಸ್ಕ್ರ್ಯಾಚ್‌ನಲ್ಲಿಯೂ ಹೊಸ ಇಟ್ಟಿಗೆಗಳನ್ನು ಮಾಡಬಹುದು, ಆದರೆ ಅವು ಉತ್ತರವನ್ನು ಹಿಂತಿರುಗಿಸಲಾರವು. ಸ್ನ್ಯಾಪ್‌ನ ‘ಕವಡೆ ಹಾಕು’ ಇಟ್ಟಿಗೆ ಬಿದ್ದ ಗರದ ಸಂಖ್ಯೆಯನ್ನು ಮರಳಿ ಕೊಡಬಲ್ಲದು. ಪಟ್ಟಿಯೊಳಗೆ ಪಟ್ಟಿಯನ್ನಿಡುವ ಅನುಕೂಲವೂ ಅಲ್ಲಿದೆ. ನಾಲ್ವರು ಆಟಗಾರರ ನಾಲ್ಕು ನಾಲ್ಕು ಕಾಯಿಗಳ ಸ್ಥಾನವನ್ನು ಇಡಲು ಇದು ಬೇಕಾಗುತ್ತದೆ.

ಪಠ್ಯರೂಪದ ಕೋಡ್‌ಗೆ ಏರುವಾಗ ಆಯ್ಕೆ ಕಠಿಣವಾಗುತ್ತದೆ. ಉದ್ಯಮದಲ್ಲಿ ವ್ಯಾಪಕವಾಗಿರುವ ಯೂನಿಟಿ ವಾಣಿಜ್ಯ ಸಂಸ್ಥೆಯೊಂದರ ಸಾಧನ. ಆಟದ ಪ್ರತಿ ಸ್ಥಾಪನೆಗೆ ಶುಲ್ಕ ವಿಧಿಸುವುದಾಗಿ ಆ ಸಂಸ್ಥೆ 2023ರ ಸೆಪ್ಟೆಂಬರಿನಲ್ಲಿ ಘೋಷಿಸಿ ಮರುವರ್ಷ ಹಿಂತೆಗೆದುಕೊಂಡಿತು. ಅಂತಹ ಶುಲ್ಕ ಶಾಲೆಗೆ ತಗಲದಿದ್ದರೂ, ಪಠ್ಯಕ್ರಮವನ್ನು ಒಬ್ಬ ಮಾರಾಟಗಾರನ ನೀತಿಗೆ ಕಟ್ಟಿಹಾಕುವುದರ ಅಪಾಯವನ್ನು ಈ ಪ್ರಸಂಗ ತೋರಿಸುತ್ತದೆ. ಯೂನಿಟಿಯಲ್ಲಿ ವಾಡಿಕೆಯಲ್ಲಿರುವ ಟೆಕ್ಸ್ಟ್‌ಮೆಷ್ ಪ್ರೊ ವ್ಯವಸ್ಥೆಯು ಭಾರತೀಯ ಲಿಪಿಗಳ ಸಂಯುಕ್ತಾಕ್ಷರಗಳನ್ನು ತಾನಾಗಿ ಜೋಡಿಸುವುದೂ ಇಲ್ಲ.

ಗೊಡೋ 2014ರಿಂದ ಎಂಐಟಿ ಪರವಾನಗಿಯಡಿ ಮುಕ್ತವಾಗಿ ದೊರೆಯುವ ಎಂಜಿನ್. 2023ರ ಮಾರ್ಚಿನಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯು ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ಒಳಗೊಂಡಿರುವುದರಿಂದ ಕನ್ನಡ ಸರಿಯಾಗಿ ಮೂಡುತ್ತದೆ. ಮುಕ್ತ ಪರವಾನಗಿಯ ನೋಟೊ ಸಾನ್ಸ್ ಕನ್ನಡ ಫಾಂಟನ್ನು ಯೋಜನೆಯ ಕಡತಗಳ ಜೊತೆಗೇ ಇಡುವುದು ಕ್ಷೇಮ. ತೊಡಕಿರುವುದು ಯಂತ್ರದಲ್ಲಿ. ನಾಲ್ಕನೆಯ ಆವೃತ್ತಿ ಓಪನ್‌ಜಿಎಲ್ 3.3ರ ಸಾಮರ್ಥ್ಯವನ್ನಾದರೂ ಬೇಡುತ್ತದೆ. ಹಳೆಯ ಗಣಕಗಳಲ್ಲಿ ಮೂರನೆಯ ಆವೃತ್ತಿ ನಡೆದೀತು, ಆದರೆ ಅದರಲ್ಲಿ ಅಕ್ಷರಜೋಡಣೆಯಿಲ್ಲ. ಶಾಲೆಯ ಗಣಕಗಳು ಹಳೆಯವಾಗಿದ್ದರೆ ಮೂರನೆಯ ಆವೃತ್ತಿಗೆ ಇಳಿಯುವುದಕ್ಕಿಂತ ಎರಡನೆಯ ವರ್ಷವೂ ಸ್ನ್ಯಾಪ್‌ನಲ್ಲಿಯೇ ಮುಂದುವರಿಯುವುದು ಲೇಸು. ಕ್ರಮವಿಧಿಯ ತತ್ತ್ವಗಳಲ್ಲಿ ಅದರಿಂದ ನಷ್ಟವಾಗುವುದು ಅಲ್ಪ. ಮುರಿದ ಅಕ್ಷರಗಳಿಂದ ಆಗುವ ನಷ್ಟ ದೊಡ್ಡದು.

ಪಠ್ಯಕ್ರಮದ ಆರಂಭ: ಚೌಕಾಬಾರ

ಹತ್ತನೆಯ ತರಗತಿಯ ಮೇಲೆ ಬೋರ್ಡ್ ಪರೀಕ್ಷೆಯ ಒತ್ತಡವಿರುವುದರಿಂದ ಪಾಠಕ್ರಮವನ್ನು ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ಯೋಜಿಸುವುದು ಯುಕ್ತ. ಅರವತ್ತು ಅವಧಿಗಳ ಚೌಕಟ್ಟಿನಲ್ಲಿ ಕಾಗದದ ಮೇಲಿನ ವಿನ್ಯಾಸಕ್ಕೆ 8, ಇಟ್ಟಿಗೆ ಜೋಡಣೆಗೆ 22, ಪದ ಮತ್ತು ಕಥೆಗಳ ಆಟಕ್ಕೆ 10, ಅಂತಿಮ ಯೋಜನೆಗೆ 20 ಎಂದು ಹಂಚಬಹುದು.

ಮೊದಲ ಎಂಟು ಅವಧಿಗಳಲ್ಲಿ ಗಣಕ ಬೇಡ. ಮಕ್ಕಳು ಬಲ್ಲ ಚೌಕಾಬಾರವೇ ಪಠ್ಯ. ಮರಾಠಿ ಮನೆಗಳಲ್ಲಿ ‘ಚಲ್ಲಸ್ ಆಠ’ ಎಂದು ಕರೆಯುವುದು ಇದೇ ಬಗೆಯ ಆಟವನ್ನು. ಐದು ಸಾಲು, ಐದು ಕಂಬಗಳ ಇಪ್ಪತ್ತೈದು ಮನೆಗಳಲ್ಲಿ ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ 1. ಎದುರಾಳಿಯ ಕಾಯಿಯನ್ನು ಹೊಡೆಯದೆ ಒಳಸುತ್ತಿಗೆ ಹೋಗಬಹುದೆ, ಒಂದೇ ಮನೆಯಲ್ಲಿ ಎರಡು ಕಾಯಿ ಕೂಡಬಹುದೆ, ನಾಲ್ಕು ಅಥವಾ ಎಂಟು ಬಿದ್ದಾಗ ಮತ್ತೊಂದು ಗರವುಂಟೆ ಎಂಬ ವಿಷಯಗಳಲ್ಲಿ ಮನೆಯಿಂದ ಮನೆಗೆ ನಿಯಮ ಬದಲಾಗುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ನಿಯಮಗಳನ್ನು ಹಿರಿಯರಿಂದ ಕೇಳಿ ಬರೆದು ತರಬೇಕು. ಆ ಬರಹವನ್ನು ಮಾತ್ರ ಓದಿ ಮತ್ತೊಬ್ಬ ಆಡಬೇಕು. ಆಟ ನಿಂತುಹೋಗುವ ಜಾಗದಲ್ಲಿ ನಿಯಮ ಅಪೂರ್ಣವಾಗಿದೆಯೆಂದು ಅರ್ಥ. ಕ್ರಮವಿಧಿಯ ಮೊದಲ ಪಾಠ ಇದೇ.

ಎರಡನೆಯ ಹಂತದಲ್ಲಿ ಅದೇ ಆಟ ಸ್ನ್ಯಾಪ್‌ಗೆ ಬರುತ್ತದೆ. ನಾಲ್ಕು ಕವಡೆಗಳು ಅಂಗಾತ ಅಥವಾ ಬೋರಲು ಬೀಳುವ ರೀತಿಗಳು ಹದಿನಾರು. ಎರಡೂ ಬಗೆ ಸಮಸಂಭವವೆಂದು ಎಣಿಸಿದರೆ ಒಂದು ಬೀಳುವ ರೀತಿ 4, ಎರಡು 6, ಮೂರು 4, ನಾಲ್ಕು 1, ಎಲ್ಲ ಬೋರಲಾಗಿ ಎಂಟು ಬೀಳುವ ರೀತಿ 1. ಸರಾಸರಿ ಗರ 2.5. ಒಂದರಿಂದ ಎಂಟರವರೆಗೆ ಯಾದೃಚ್ಛಿಕ ಸಂಖ್ಯೆಯೊಂದನ್ನು ಆರಿಸುವ ಕ್ರಮವಿಧಿ ಏಕೆ ತಪ್ಪೆಂಬುದನ್ನು ವಿದ್ಯಾರ್ಥಿ ಇಲ್ಲಿ ತಾನೇ ಕಂಡುಕೊಳ್ಳುತ್ತಾನೆ. ನಿಜವಾದ ಕವಡೆಗಳನ್ನು ನೂರು ಬಾರಿ ಹಾಕಿ ಲೆಕ್ಕವಿಟ್ಟರೆ ಸಮಸಂಭವದ ಕಲ್ಪನೆಯೂ ಪರೀಕ್ಷೆಗೊಳಗಾಗುತ್ತದೆ. ನಾಲ್ವರು ಆಟಗಾರರ ಆರಂಭದ ಮನೆಗಳು ಹೊರಸುತ್ತಿನಲ್ಲಿ ನಾಲ್ಕು ನಾಲ್ಕು ಮನೆ ದೂರದಲ್ಲಿರುವುದರಿಂದ, ಹದಿನಾರರಿಂದ ಭಾಗಿಸಿ ಶೇಷವನ್ನು ತೆಗೆದುಕೊಳ್ಳುವ ಒಂದೇ ಸೂತ್ರ ನಾಲ್ವರಿಗೂ ಸಾಲುತ್ತದೆ.

ಪದದ ಆಟ, ಕಥೆಯ ಆಟ

ಮೂರನೆಯ ಹಂತದಲ್ಲಿ ಭಾಷೆಯೇ ಆಟದ ವಸ್ತು. ಬಚ್ಚಿಟ್ಟ ಪದವನ್ನು ಅಕ್ಷರ ಅಕ್ಷರವಾಗಿ ಊಹಿಸುವ ಆಟವನ್ನು ಇಂಗ್ಲಿಷ್ ಮಾದರಿಯಿಂದ ನಕಲು ಮಾಡಿದರೆ ‘ಕೃಷ್ಣಾ’ ಪದಕ್ಕೆ ಆರು ಖಾಲಿ ಜಾಗಗಳು ಬರುತ್ತವೆ. ವಿದ್ಯಾರ್ಥಿಯ ಕಣ್ಣಿಗೆ ಅಕ್ಷರಗಳು ಎರಡೇ. ಸ್ವರಚಿಹ್ನೆ ಹಿಂದಿನ ವ್ಯಂಜನಕ್ಕೆ ಸೇರಬೇಕು, ವಿರಾಮದ ನಂತರದ ವ್ಯಂಜನ ಹಿಂದಿನ ಗುಂಪಿಗೆ ಸೇರಬೇಕು ಎಂಬ ನಿಯಮಗಳನ್ನು ಅವನೇ ಬರೆದಾಗ ಕಾಗುಣಿತದ ಪಾಠ ಕ್ರಮವಿಧಿಯಾಗುತ್ತದೆ. ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಈ ಅಭ್ಯಾಸ ಹುಟ್ಟಲಾರದು.

ಕವಲೊಡೆಯುವ ಕಥೆಗಳಿಗೆ 2009ರಲ್ಲಿ ಬಂದ ಟ್ವೈನ್ ಅನುಕೂಲ. ಅದರ ಕೃತಿಗಳು ವೀಕ್ಷಕದಲ್ಲಿ ತೆರೆಯುವ ಪುಟಗಳಾದುದರಿಂದ ಕನ್ನಡಕ್ಕೆ ಅಡ್ಡಿಯಿಲ್ಲ. ಒಂದೇ ಕಥೆಯನ್ನು ಕನ್ನಡ, ಮರಾಠಿಗಳೆರಡರಲ್ಲಿಯೂ ಆಡುವಂತೆ ಮಾಡುವ ಅಭ್ಯಾಸ ಈ ಜಿಲ್ಲೆಗೆ ಸಹಜ. ಸಾಂಗಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ಕನ್ನಡದ ಭಾಗವತ ಮೇಳದ ಪ್ರದರ್ಶನವನ್ನು ಕಂಡು ಅಂತಹುದನ್ನು ಮರಾಠಿಯಲ್ಲಿ ಬಯಸಿದ ಫಲವಾಗಿ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು. ಹೊರಗಿನಿಂದ ಬಂದ ರಂಗರೂಪವೊಂದು ಇಲ್ಲಿನ ಜನರ ಮಾತನ್ನು ತೊಟ್ಟುಕೊಂಡು ಬೇರೂರಿತು. ಕೋಡಿಂಗ್ ಕೂಡ ಹಾಗೆ ಬೇರೂರಲು ಸಾಧ್ಯವಿದೆ.

ಅಂತಿಮ ಯೋಜನೆ: ನೀರು

ಅಂತಿಮ ಯೋಜನೆಗೆ ವಸ್ತುವನ್ನು ಜಿಲ್ಲೆಯೇ ಒದಗಿಸುತ್ತದೆ. ಕೃಷ್ಣೆಯ ದಂಡೆಯ ಸಾಂಗಲಿ 2019ರ ಆಗಸ್ಟಿನಲ್ಲಿ ನೆರೆಗೆ ಸಿಕ್ಕಿತು. ಆಯರ್ವಿನ್ ಸೇತುವೆಯ ಬಳಿ ನೀರು ಎಷ್ಟು ಅಡಿಗೆ ಏರಿದೆಯೆಂಬುದು ಮಳೆಗಾಲದಲ್ಲಿ ಊರಿಗೆ ಊರೇ ಕೇಳುವ ಪ್ರಶ್ನೆ. ಅದೇ ಜಿಲ್ಲೆಯ ಜತ್ತ ಬರದ ಸೀಮೆ. ಮ್ಹೈಸಾಳ ಏತ ನೀರಾವರಿ ಯೋಜನೆ ಕೃಷ್ಣೆಯ ನೀರನ್ನು ಮೇಲೆತ್ತಿ ಈ ಪೂರ್ವದ ತಾಲೂಕುಗಳತ್ತ ಒಯ್ಯುತ್ತದೆ. ನೀರಿನ ಮಟ್ಟ, ವಿದ್ಯುತ್ತಿನ ಖರ್ಚು, ಬೆಳೆಯ ಅಗತ್ಯ, ಸರದಿ ಎಂಬ ನಾಲ್ಕು ಚರಾಕ್ಷರಗಳಿಂದ ಗೆಲುವು ಸುಲಭವಲ್ಲದ ಆಟವೊಂದನ್ನು ಕಟ್ಟಬಹುದು. ಮೇಲಿನ ಊರು ಹೆಚ್ಚು ನೀರು ಪಡೆದರೆ ಕೊನೆಯ ಊರಿಗೆ ಉಳಿಯುವುದೆಷ್ಟು ಎಂಬುದನ್ನು ವಿದ್ಯಾರ್ಥಿ ಆಡುತ್ತ ಅರಿಯುತ್ತಾನೆ. ಧ್ವನಿಗಾಗಿ ಮಿರಜದ ವಾದ್ಯ ತಯಾರಕರ ಕೆಲಸಕೋಣೆಗೆ ಹೋಗಬಹುದು. ಇಲ್ಲಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ನುಡಿಸುವವರ ಅನುಮತಿ ಪಡೆದು ಧ್ವನಿಮುದ್ರಿಸಿ ಅವರ ಹೆಸರನ್ನು ಆಟದಲ್ಲಿ ನಮೂದಿಸುವುದರಿಂದ ಕೃತಿಸ್ವಾಮ್ಯದ ಪಾಠವೂ ನಡೆಯುತ್ತದೆ.

ಪರಿಭಾಷೆ ಮತ್ತು ಮೌಲ್ಯಮಾಪನ

ಕನ್ನಡದಲ್ಲಿ ಕಲಿಸುವುದೆಂದರೆ ಇಂಗ್ಲಿಷನ್ನು ದೂರವಿಡುವುದಲ್ಲ. ಮುಂದಿನ ವ್ಯಾಸಂಗಕ್ಕೆ ಅದು ಬೇಕೇ ಬೇಕು. ಕನ್ನಡದ ಚರಾಕ್ಷರ, ಮರಾಠಿಯ ಚಲ, ಇಂಗ್ಲಿಷಿನ ವೇರಿಯಬಲ್ ಎಂಬಂತೆ ಮೂರು ಕಂಬಗಳ ಪದಪಟ್ಟಿಯನ್ನು ವಿದ್ಯಾರ್ಥಿಗಳೇ ವರ್ಷವಿಡೀ ಬೆಳೆಸಬೇಕು. ಪರಿಕಲ್ಪನೆ ಕನ್ನಡದಲ್ಲಿ ನೆಲೆಗೊಂಡ ಮೇಲೆ ಇಂಗ್ಲಿಷ್ ಪದ ಅದಕ್ಕೆ ಮತ್ತೊಂದು ಹೆಸರಾಗುತ್ತದೆ. ಕ್ರಮ ತಿರುಗಿದರೆ ಹೆಸರು ಬಾಯಿಗೆ ಬಂದರೂ ಪರಿಕಲ್ಪನೆ ಕೈಗೆ ಸಿಗದೆ ಉಳಿಯಬಹುದು.

ಅಂಕಗಳನ್ನು ಚಿತ್ರಗಳ ಅಂದಕ್ಕೆ ಕೊಡುವ ಪದ್ಧತಿಯನ್ನು ಬಿಡಬೇಕು. ಸಿದ್ಧ ಚಿತ್ರಗಳನ್ನು ಯಾರಾದರೂ ತರಬಹುದು. ಬರೆದ ನಿಯಮಗಳ ಸ್ಪಷ್ಟತೆ, ಬೇರೆಯವರ ಆಟವನ್ನು ಗಮನಿಸಿ ಮಾಡಿದ ತಿದ್ದುಪಡಿಗಳ ದಾಖಲೆ, ತನ್ನ ಕೋಡ್‌ನ ಒಂದು ಭಾಗವನ್ನು ಸ್ವಂತ ಮಾತಿನಲ್ಲಿ ವಿವರಿಸುವ ಸಾಮರ್ಥ್ಯ ಇವು ಮೂರು ಮೌಲ್ಯಮಾಪನದ ಆಧಾರಗಳಾಗಬೇಕು. ಸ್ವಂತ ಮಾತಿನ ವಿವರಣೆ ಕನ್ನಡದಲ್ಲಿದ್ದರೆ, ಇಂಗ್ಲಿಷಿನಲ್ಲಿ ತಡವರಿಸುವ ಜಾಣ ವಿದ್ಯಾರ್ಥಿಗೆ ಅನ್ಯಾಯವಾಗದು.

ಸಾಧನಗಳು ಐದಾರು ವರ್ಷಗಳಲ್ಲಿ ಬದಲಾಗುತ್ತವೆ. ಇಲ್ಲಿ ಹೆಸರಿಸಿದವುಗಳಲ್ಲಿ ಕೆಲವು ಅಷ್ಟರೊಳಗೆ ಹಿಂದೆ ಬೀಳಲೂಬಹುದು. ಹೊಸದು ಬಂದಾಗ ಅದನ್ನು ಒರೆಹಚ್ಚಲು ನಾಲ್ಕು ಪದಗಳು, ಶಾಲೆಯದೊಂದು ಹಳೆಯ ಗಣಕ, ಒಂದು ಚೌಕಾಬಾರದ ಮಣೆ ಸಾಕು. ಪದಗಳು ಸರಿಯಾಗಿ ಮೂಡಬೇಕು, ಗಣಕ ಅದನ್ನು ನಡೆಸಬೇಕು, ಮಕ್ಕಳು ತಮ್ಮ ಮನೆಯ ನಿಯಮಗಳನ್ನು ಅದರಲ್ಲಿ ಬರೆಯಲು ಶಕ್ತರಾಗಬೇಕು. ಈ ಮೂರರಲ್ಲಿ ತೇರ್ಗಡೆಯಾಗದ ಸಾಧನ ಎಷ್ಟೇ ಪ್ರಸಿದ್ಧವಾಗಿದ್ದರೂ ಗಡಿಭಾಗದ ಕನ್ನಡ ತರಗತಿಗೆ ತಕ್ಕದ್ದಲ್ಲ.