ನರ್ಸಿಂಗ್ ಸೀಟಿಗಾಗಿ ಕಾಯುವಾಗ: ಸಂತ ಕಮಿಲ್ಲಸರ ಹಬ್ಬದ ಚಿಂತನೆ

(ಜುಲೈ 14: ರೋಗಿಗಳ ಹಾಗೂ ದಾದಿಯರ ಪಾಲಕರಾದ ಸಂತ ಕಮಿಲ್ಲಸ್ ದೆ ಲೆಲ್ಲಿಸ್ ಅವರ ಸ್ಮರಣೆ)



ಜುಲೈ ತಿಂಗಳು ಬಂತೆಂದರೆ ಹೊಳೆಹೊನ್ನೂರಿನ ಸುತ್ತಲಿನ ಗದ್ದೆಗಳಲ್ಲಿ ಎಲ್ಲರೂ ಕಾಯುವವರೇ. ಬದುಗಳನ್ನು ಸರಿಪಡಿಸಿ, ಸಸಿಮಡಿಗೆ ಜಾಗ ಮಾಡಿಕೊಂಡು, ಭದ್ರಾ ನಾಲೆಗೆ ನೀರು ಯಾವಾಗ ಬಿಡುತ್ತಾರೋ ಎಂದು ರೈತರು ಎದುರುನೋಡುತ್ತಾರೆ. ಇದೇ ದಿನಗಳಲ್ಲಿ ನಮ್ಮ ಹಲವು ಮನೆಗಳ ಒಳಗೂ ಒಂದು ಕಾಯುವಿಕೆ ನಡೆದಿರುತ್ತದೆ. ಪಿಯುಸಿ ಮುಗಿಸಿದ ಮಗಳು ಮೊಬೈಲ್ ಹಿಡಿದು ಕುಳಿತಿದ್ದಾಳೆ. ಸೀಟು ಹಂಚಿಕೆಯ ಪಟ್ಟಿ ಇಂದು ಬರುತ್ತದಂತೆ, ನಾಳೆ ಬರುತ್ತದಂತೆ. ತಾಯಿ ಅಡುಗೆಮನೆಯಿಂದಲೇ ಕೇಳುತ್ತಾಳೆ, "ಬಂತೇನೇ?" ಇನ್ನೂ ಬಂದಿಲ್ಲ.

ಪೂಜೆ ಮುಗಿದ ಮೇಲೆ ಹೆತ್ತವರು ಗುರುಮನೆಗೆ ಬಂದು ಕೇಳುವ ಮಾತು ಒಂದೇ: "ಫಾದರ್, ನೀವೊಂದು ಮಾತು ಹೇಳಿದರೆ ನರ್ಸಿಂಗ್ ಸೀಟು ಸಿಗುತ್ತದಂತೆ." ಆ ಮಾತಿನ ಹಿಂದಿರುವ ಆತಂಕ ನನಗೆ ಗೊತ್ತು. ಭದ್ರಾವತಿಯ ಕಾರ್ಖಾನೆಗಳಲ್ಲಿ ತಂದೆಯ ಕೆಲಸ ಮಗನಿಗೆ ಸಿಗುತ್ತಿದ್ದ ಕಾಲ ಹೋಯಿತು. ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ಎಷ್ಟೋ ವರ್ಷಗಳಾದವು. ನಾಲ್ಕು ವರ್ಷ ಓದಿದರೆ ಮಗಳು ತನ್ನ ಕಾಲ ಮೇಲೆ ತಾನು ನಿಲ್ಲುತ್ತಾಳೆ, ತಮ್ಮ ತಂಗಿಯರನ್ನೂ ಓದಿಸುತ್ತಾಳೆ ಎಂಬ ಭರವಸೆಯನ್ನು ನರ್ಸಿಂಗ್ ಕೊಡುತ್ತದೆ. ಈ ಭರವಸೆ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿಯಂತೆ, 2023ರಲ್ಲಿ ಜಗತ್ತಿನಲ್ಲಿ 2 ಕೋಟಿ 98 ಲಕ್ಷ ದಾದಿಯರಿದ್ದರು. ಇನ್ನೂ 58 ಲಕ್ಷ ದಾದಿಯರ ಕೊರತೆ ಇತ್ತು. ಬೇಡಿಕೆ ಇರುವ ಕಡೆ ಪೈಪೋಟಿಯೂ ಇರುತ್ತದೆ, ಮೋಸವೂ ಇರುತ್ತದೆ. ಆದ್ದರಿಂದ ಈ ಹಬ್ಬದಂದು ಕಾಯುತ್ತಿರುವ ಕುಟುಂಬಗಳೊಡನೆ ಎರಡು ಮಾತು ಬಿಡಿಸಿ ಹೇಳಬೇಕೆನಿಸಿತು.

ಎರಡು ಸಲ ಹೊರಗೆ ಕಳುಹಿಸಲ್ಪಟ್ಟ ಸಂತ

ಕಮಿಲ್ಲಸರು 1550ರಲ್ಲಿ ಇಟಲಿಯ ಬುಕ್ಕಿಯಾನಿಕೊ ಎಂಬ ಊರಿನಲ್ಲಿ ಹುಟ್ಟಿದರು. ತಂದೆಯಂತೆ ಸೈನಿಕರಾದರು, ಜೂಜಿನ ಚಟಕ್ಕೆ ಬಿದ್ದು ಇದ್ದುದನ್ನೆಲ್ಲ ಕಳೆದುಕೊಂಡರು. ಕಪುಚಿನ್ ಗುರುಗಳ ಮಠದ ಕಟ್ಟಡದ ಕೆಲಸಕ್ಕೆ ಕೂಲಿಯಾಗಿ ಸೇರಿದರು. 1575ರಲ್ಲಿ ಅವರ ಮನಸ್ಸು ತಿರುಗಿತು. ತಾವೂ ಕಪುಚಿನ್ ಸಭೆಗೆ ಸೇರಬೇಕೆಂದು ಹಂಬಲಿಸಿದರು. ಸೇರಿದರು ಕೂಡ. ಆದರೆ ಕಾಲಿನಲ್ಲಿ ವಾಸಿಯಾಗದ ಒಂದು ಹುಣ್ಣು ಇತ್ತು. ಅದರ ಕಾರಣಕ್ಕೆ ಅವರನ್ನು ಹೊರಗೆ ಕಳುಹಿಸಿದರು. ಚಿಕಿತ್ಸೆ ಪಡೆದು ಮತ್ತೆ ಹೋದರು. ಹುಣ್ಣು ಮತ್ತೆ ಬಿರಿಯಿತು, ಮತ್ತೆ ಹೊರಗೆ.

ಬಯಸಿದ ಬಾಗಿಲು ಎರಡು ಸಲ ಮುಚ್ಚಿತು. ಅವರು ಹೋದದ್ದು ರೋಮ್ ನಗರದ ಸಂತ ಜೇಮ್ಸರ ಆಸ್ಪತ್ರೆಗೆ. ವಾಸಿಯಾಗದ ರೋಗಿಗಳ ಆಸ್ಪತ್ರೆ ಅದು. ಅಲ್ಲಿ ರೋಗಿಯಾಗಿಯೂ ಇದ್ದರು, ಆಳಾಗಿಯೂ ದುಡಿದರು, ಕಡೆಗೆ ಮೇಲ್ವಿಚಾರಕರೂ ಆದರು. ಕೂಲಿಗಾಗಿ ದುಡಿಯುವವರ ಕೈಯಲ್ಲಿ ರೋಗಿಗಳು ಪಡುವ ಪಾಡನ್ನು ಅವರು ಹಾಸಿಗೆಯ ಎರಡೂ ಬದಿಯಿಂದ ಕಂಡರು. ಪ್ರೀತಿಯಿಂದ ಸೇವೆ ಮಾಡುವವರ ಒಂದು ತಂಡ ಕಟ್ಟಬೇಕೆಂಬ ಆಲೋಚನೆ ಅಲ್ಲಿ ಹುಟ್ಟಿತು. 1584ರಲ್ಲಿ ಗುರುದೀಕ್ಷೆ ಪಡೆದರು. 1586ರಲ್ಲಿ ಅವರ ಸಭೆಗೆ ಪೋಪ್ ಐದನೇ ಸಿಕ್ಸ್ತುಸರ ಮನ್ನಣೆ ದೊರೆಯಿತು; ಕಪ್ಪು ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಅವರ ಗುರುತಾಯಿತು. 1614ರ ಜುಲೈ 14ರಂದು ದೈವಾಧೀನರಾದರು. 1930ರಲ್ಲಿ ಪೋಪ್ ಹನ್ನೊಂದನೇ ಪಿಯುಸರು ಅವರನ್ನು ದಾದಿಯರ ಪಾಲಕರೆಂದು ಸಾರಿದರು.

ಗಂಡುಮಕ್ಕಳಿಗೆ ನರ್ಸಿಂಗ್ ಏಕೆ ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ದಾದಿಯರ ಪಾಲಕರು ಒಬ್ಬ ಗಂಡಸು, ಅದೂ ಸೈನಿಕ.

ಯಾರಿಗೆ ಯಾವ ಓದು?

ಮೊದಲು ದಾರಿಗಳನ್ನು ತಿಳಿಯೋಣ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು; ಈ ಮೂರೂ ಸೇರಿ ಶೇಕಡ 45 ಅಂಕ ಬಂದಿರಬೇಕು, ಪರಿಶಿಷ್ಟರಿಗೆ ಶೇಕಡ 40. ಇಂಗ್ಲಿಷಿನಲ್ಲೂ ಪಾಸಾಗಿರಬೇಕು. ಆ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಕರ್ನಾಟಕದಲ್ಲಿ ಈ ಪದವಿ ನೀಡುವುದು ಹೆಚ್ಚಾಗಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ.

ಜಿ.ಎನ್.ಎಂ. ಮೂರು ವರ್ಷದ ಡಿಪ್ಲೊಮಾ. ಕಲಾ, ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮಾಡಿದವರಿಗೂ ಇದು ತೆರೆದಿದೆ. ಇದನ್ನು ಎರಡನೆಯ ದರ್ಜೆ ಎಂದು ಕೀಳಾಗಿ ಕಾಣಬೇಕಿಲ್ಲ. ಜಿ.ಎನ್.ಎಂ. ಮುಗಿಸಿ ನೋಂದಣಿ ಮಾಡಿಸಿದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಪದವೀಧರರಾಗಬಹುದು. ಸುತ್ತಿನ ದಾರಿಯೂ ಅದೇ ಊರಿಗೆ ಸೇರುತ್ತದೆ. ವಿಜ್ಞಾನದಲ್ಲಿ ಚೆನ್ನಾಗಿ ಓದಿದ ಹೆಣ್ಣುಮಕ್ಕಳಿಗೆ ಸೈನ್ಯದ ಮಿಲಿಟರಿ ನರ್ಸಿಂಗ್ ಸೇವೆಯ ದಾರಿಯೂ ಇದೆ. ಅದಕ್ಕೆ ನೀಟ್ ಪರೀಕ್ಷೆ ಬರೆದಿರಬೇಕು.

ಸೀಟು ಹಂಚಿಕೆ ನಡೆಯುವ ಬಗೆ

ಬಿ.ಎಸ್ಸಿ. ನರ್ಸಿಂಗ್‌ನ ಸರ್ಕಾರಿ ಸೀಟುಗಳನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ಮೂಲಕ ಹಂಚುತ್ತದೆ. ಮೊದಲು ರ‍್ಯಾಂಕ್, ಆಮೇಲೆ ದಾಖಲೆ ಪರಿಶೀಲನೆ, ಆಮೇಲೆ ಆಪ್ಷನ್ ಎಂಟ್ರಿ. ಮಕ್ಕಳು ಎಡವುವುದು ಇಲ್ಲಿಯೇ. "ದೊಡ್ಡ ಕಾಲೇಜು ನಮಗೆಲ್ಲಿ ಸಿಗುತ್ತದೆ, ಸಿಗುವುದನ್ನೇ ಮೇಲೆ ಹಾಕೋಣ" ಎಂದು ಸಣ್ಣ ಕಾಲೇಜನ್ನು ಮೊದಲು ಬರೆದುಬಿಡುತ್ತಾರೆ.

ಇದು ತಪ್ಪು ಲೆಕ್ಕ. ರ‍್ಯಾಂಕಿನ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಮೊದಲನೆಯದು ಖಾಲಿ ಇದ್ದರೆ ಅದನ್ನೇ ಕೊಡುತ್ತದೆ; ಇಲ್ಲವಾದರೆ ಎರಡನೆಯದು, ಮೂರನೆಯದು. ದೊಡ್ಡ ಕಾಲೇಜನ್ನು ಮೊದಲು ಬರೆದಿದ್ದಕ್ಕೆ ಕೆಳಗಿನದು ತಪ್ಪಿಹೋಗುವುದಿಲ್ಲ. ಆದರೆ ಸಣ್ಣದನ್ನು ಮೇಲೆ ಬರೆದು ಅದು ಸಿಕ್ಕಿಬಿಟ್ಟರೆ, ಕೆಳಗೆ ಬರೆದ ದೊಡ್ಡದರ ಆಸೆಯನ್ನು ನೀವೇ ಬಿಟ್ಟಂತೆ. ಆದ್ದರಿಂದ ಮನಸ್ಸಿನ ನಿಜವಾದ ಕ್ರಮದಲ್ಲಿಯೇ ಬರೆಯಿರಿ. ಕಳುಹಿಸಲು ಮನಸ್ಸಿಲ್ಲದ ಕಾಲೇಜನ್ನು ಬರೆಯಲೇಬೇಡಿ.

ಮೊದಲು ಬರುವುದು ಅಣಕು ಹಂಚಿಕೆ. ಅದು ಸೀಟಲ್ಲ, ಒಂದು ಸೂಚನೆ ಮಾತ್ರ. ಅದನ್ನು ನೋಡಿ ಪಟ್ಟಿಯನ್ನು ತಿದ್ದಿಕೊಳ್ಳಬಹುದು. ನಿಜವಾದ ಹಂಚಿಕೆಯಲ್ಲಿ ಸೀಟು ಸಿಕ್ಕಿದವರ ಮುಂದೆ ಸಾಮಾನ್ಯವಾಗಿ ನಾಲ್ಕು ಆಯ್ಕೆಗಳಿರುತ್ತವೆ. ಒಂದು, ಸೀಟು ಒಪ್ಪಿಗೆ, ಸೇರುತ್ತೇನೆ. ಎರಡು, ಇದು ಕೈಯಲ್ಲಿರಲಿ, ಇದಕ್ಕಿಂತ ಮೇಲಿನದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ನೋಡೋಣ. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕು, ನನಗೆ ಹಂಚಿಕೆಯೇ ಬೇಡ. ಮೂರನೆಯದನ್ನು ಆರಿಸಿದವರ ಕೈಯಲ್ಲಿದ್ದ ಸೀಟು ಬೇರೆಯವರಿಗೆ ಹೋಗುತ್ತದೆ, ಎಚ್ಚರ. ಶುಲ್ಕ ಕಟ್ಟುವ ದಿನಾಂಕ ಒಂದು ದಿನ ಮೀರಿದರೂ ಸೀಟು ಹೋಗಬಹುದು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆ ವರ್ಷದ ಪ್ರಕಟಣೆಯನ್ನು ಮಕ್ಕಳ ಜೊತೆ ಕುಳಿತು ಓದಿ.

ಕಾಗದಪತ್ರ ಈಗಲೇ ಸಿದ್ಧವಿರಲಿ

ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲದ ಸಂಗತಿ ಇದು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿಯಲ್ಲಿ ಬರುತ್ತಾರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿ. ಜಾತಿ ಮತ್ತು ಆದಾಯದ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಅರ್ಜಿ ಹಾಕಿ ಪಡೆಯಬೇಕು. ಫಲಿತಾಂಶ ಬಂದ ಮೇಲೆ ಓಡಿದರೆ ಅಲ್ಲಿ ಸಾಲು ಉದ್ದ. ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಮೀಸಲಾತಿ ಇದೆ. ಗ್ರಾಮೀಣ ವ್ಯಾಸಂಗದ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕು. ಪಟ್ಟಣ ಪಂಚಾಯಿತಿಯ ಗಡಿಯೊಳಗಿನ ಶಾಲೆಯಾದರೆ ಈ ಸೌಲಭ್ಯ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ "ಅರಿವು" ಶೈಕ್ಷಣಿಕ ಸಾಲ ತಮ್ಮ ಕೋರ್ಸಿಗೆ ಅನ್ವಯಿಸುತ್ತದೆಯೇ ಎಂದು ಶಿವಮೊಗ್ಗದ ಜಿಲ್ಲಾ ಕಚೇರಿಯಲ್ಲಿ ಕೇಳಿ.

ಇನ್ನು ಗುರುಗಳ ಪತ್ರದ ವಿಷಯ. ಕ್ರೈಸ್ತ ಸಂಸ್ಥೆಗಳು ಧರ್ಮಕೇಂದ್ರದ ಪತ್ರ ಕೇಳುವುದುಂಟು. ಅದನ್ನು ಸಂತೋಷದಿಂದ ಕೊಡುತ್ತೇವೆ. ಆದರೆ ಇವಳು ನಮ್ಮ ಧರ್ಮಕೇಂದ್ರದವಳು ಎಂದು ಆ ಪತ್ರ ಹೇಳಬಲ್ಲದೇ ಹೊರತು, ಇವಳನ್ನು ಬೇರೊಬ್ಬಳ ಮುಂದೆ ನಿಲ್ಲಿಸಿ ಎಂದು ಹೇಳಲಾರದು. ಆ ಬೇರೊಬ್ಬಳೂ ಯಾವುದೋ ಊರಿನಲ್ಲಿ ಕಾಯುತ್ತಿರುವ ಒಬ್ಬ ತಾಯಿಯ ಮಗಳೇ.

ಏಜೆಂಟರ ಸಿಹಿಮಾತು

ಪಟ್ಟಿ ಬರುವುದು ತಡವಾದಷ್ಟೂ ಏಜೆಂಟರ ಫೋನ್ ಹೆಚ್ಚುತ್ತದೆ. "ಇಂದೇ ಅಡ್ವಾನ್ಸ್ ಕಟ್ಟಿ, ನಾಳೆ ಸೀಟಿಲ್ಲ" ಎನ್ನುತ್ತಾರೆ. "ಮಾರ್ಕ್ಸ್ ಕಾರ್ಡ್ ಕೊಟ್ಟು ಹೋಗಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ" ಎನ್ನುತ್ತಾರೆ. ಓಲೆ, ಬಳೆ ಅಡವಿಟ್ಟು ಹಣ ತಂದುಕೊಟ್ಟ ಮೇಲೆ ಕಾಲೇಜಿಗೆ ಮಾನ್ಯತೆಯೇ ಇಲ್ಲವೆಂದು, ಅಥವಾ ಕಲಿಯಲು ಸರಿಯಾದ ಆಸ್ಪತ್ರೆಯೇ ಇಲ್ಲವೆಂದು ತಿಳಿದರೆ ಗತಿಯೇನು? ಮೂಲ ದಾಖಲೆಗಳು ಅವರ ಬೀರುವಿನಲ್ಲಿ ಸಿಕ್ಕಿಕೊಂಡರೆ ಮಗಳು ಬೇರೆಡೆ ಸೇರಲೂ ಆಗದು.

ಆದ್ದರಿಂದ ಮೂರು ಮಾತು ನೆನಪಿಡಿ. ಮೂಲ ಪ್ರತಿಯನ್ನು ಯಾವ ಏಜೆಂಟರ ಕೈಗೂ ಕೊಡಬೇಡಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಕಾಲೇಜಿಗೆ ವಿಶ್ವವಿದ್ಯಾಲಯದ ಸಂಯೋಜನೆಯೂ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆಯೂ ಆ ವರ್ಷಕ್ಕೆ ಇದೆಯೇ ಎಂದು ಹಣ ಕಟ್ಟುವ ಮುಂಚೆ ನೋಡಿ. ಸಾಧ್ಯವಾದರೆ ಒಂದು ದಿನ ಬಸ್ಸು ಹತ್ತಿ ಹೋಗಿ ಬನ್ನಿ. ಎರಡನೆಯ ವರ್ಷದ ಮಕ್ಕಳನ್ನು ಮಾತಾಡಿಸಿ: ಯಾವ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಎಷ್ಟು ಹಾಸಿಗೆ ಇವೆ, ಯಾರು ಕಲಿಸುತ್ತಾರೆ? ಜಾಹೀರಾತಿಗಿಂತ ಈ ಮಕ್ಕಳ ಉತ್ತರ ನಂಬಲರ್ಹ. ನರ್ಸಿಂಗನ್ನು ಪುಸ್ತಕದಿಂದ ಮಾತ್ರ ಕಲಿಯಲಾಗದು. ರೋಗಿಯ ಹಾಸಿಗೆಯ ಬಳಿ ನಿಂತು ಕಲಿಯಬೇಕು.

ಕಾಯುವ ದಿನಗಳಲ್ಲಿ

ಫ್ಲಾರೆನ್ಸ್ ನೈಟಿಂಗೇಲ್ ಎಂಬ ಹೆಸರು ನಿಮಗೆಲ್ಲ ಗೊತ್ತು. ದೇವರು ತನ್ನನ್ನು ಸೇವೆಗೆ ಕರೆದರೆಂದು ಆಕೆಗೆ ಅನ್ನಿಸಿದ್ದು 1837ರಲ್ಲಿ. 1845ರಲ್ಲಿ ಆಸ್ಪತ್ರೆಗೆ ಹೋಗಿ ಕಲಿಯುತ್ತೇನೆಂದಾಗ ಮನೆಯವರು ಒಪ್ಪಲಿಲ್ಲ. ಜರ್ಮನಿಯ ಕೈಸರ್ಸ್‌ವೆರ್ತ್ ಎಂಬಲ್ಲಿ ಕೆಲವು ತಿಂಗಳ ತರಬೇತಿ ಸಿಕ್ಕಿದ್ದು 1851ರಲ್ಲಿ, ಅಂದರೆ ಹದಿನಾಲ್ಕು ವರ್ಷಗಳ ಮೇಲೆ. ನಡುವಿನ ವರ್ಷಗಳಲ್ಲಿ ಆಕೆ ಆಸ್ಪತ್ರೆಗಳ ವರದಿಗಳನ್ನು ಓದುತ್ತಾ ಬಂದಿದ್ದಳು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಬಳಿಗೆ ಹೋದಾಗ ಆ ಓದೇ ಕೈಹಿಡಿಯಿತು.

ಮಕ್ಕಳೇ, ಕಾಯುವ ಈ ವಾರಗಳನ್ನು ಮೊಬೈಲ್ ಪರದೆಯ ಮುಂದೆಯೇ ಕಳೆಯಬೇಡಿ. ಪಾಠವೆಲ್ಲ ಇಂಗ್ಲಿಷಿನಲ್ಲಿ ಇರುತ್ತದೆ. ದಿನಕ್ಕೆ ಒಂದು ಗಂಟೆ ಅದನ್ನು ಓದಿ, ಜೋರಾಗಿ ಓದಿ. ಬೀದಿಯಲ್ಲಿ ಮಂಚ ಹಿಡಿದ ಅಜ್ಜಿಯೊಬ್ಬರಿದ್ದರೆ ಹೋಗಿ ಅವರ ತಲೆ ಬಾಚಿ, ಊಟ ಮಾಡಿಸಿ. ಮೂಗು ಮುಚ್ಚಿಕೊಳ್ಳದೆ ಅದನ್ನು ಮಾಡಲು ಮನಸ್ಸು ಒಪ್ಪುತ್ತದೆಯೇ ಎಂದು ನೋಡಿಕೊಳ್ಳಿ. ಒಪ್ಪದಿದ್ದರೆ ಈಗಲೇ ಮನೆಯಲ್ಲಿ ಹೇಳಿ.

ಹೆತ್ತವರೇ, ಮಗಳು ಹಾಗೆ ಹೇಳಿದರೆ ಕೇಳಿಸಿಕೊಳ್ಳಿ. ಪರದೇಶದ ಸಂಬಳವನ್ನು ಮಾತ್ರ ನೋಡಿ ಮನಸ್ಸಿಲ್ಲದವಳನ್ನು ವಾರ್ಡಿಗೆ ತಳ್ಳಿದರೆ ಅವಳಿಗೂ ದುಃಖ, ರೋಗಿಗೂ ದುಃಖ. ಮನಸ್ಸಿದ್ದೂ ಸೀಟು ಸಿಗದಿದ್ದರೆ ನೆಂಟರ ಮುಂದೆ ಅವಳನ್ನು ಹೋಲಿಸಿ ಮಾತಾಡಬೇಡಿ. ಮೂರು ಗಂಟೆಯ ಪರೀಕ್ಷೆಗಳು ಅಂಕಗಳನ್ನು ಅಳೆಯುತ್ತವೆ. ರಾತ್ರಿ ಎರಡು ಗಂಟೆಗೆ ನರಳುವವರ ಬಳಿ ಏಳುವ ಮನಸ್ಸನ್ನು ಅವು ಅಳೆಯಲಾರವು. ಮುಂದಿನ ಸುತ್ತಿದೆ, ಜಿ.ಎನ್.ಎಂ. ಇದೆ, ಮುಂದಿನ ವರ್ಷವೂ ಇದೆ. ಪಟ್ಟಿ ಬರುವ ದಿನ ಅವಳ ಪಕ್ಕದಲ್ಲಿ ಕುಳಿತಿರಿ. ಅಂದು ಅವಳಿಗೆ ಬೇಕಾಗುವುದು ಅದೊಂದೇ.

ಪ್ರಿಯರೇ, ಭೂಮಿಯ ಫಲಕ್ಕಾಗಿ ತಾಳ್ಮೆಯಿಂದ ಕಾಯುವ ರೈತನನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ನಮ್ಮ ಮುಂದೆ ನಿಲ್ಲಿಸುತ್ತಾರೆ. ನಮ್ಮ ರೈತರೂ ನೀರು ಬರುವತನಕ ಕೈಕಟ್ಟಿ ಕುಳಿತಿರುವುದಿಲ್ಲ, ಬದು ಕಟ್ಟುತ್ತಾರೆ. ಕಮಿಲ್ಲಸರ ಕಾಲಿನ ಹುಣ್ಣು ಕೊನೆಯವರೆಗೂ ವಾಸಿಯಾಗಲಿಲ್ಲ. ಅದನ್ನು ಹೊತ್ತೇ ಅವರು ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ನಡೆದರು. ತಾವು ರೋಗಿಯಾಗಿದ್ದಾಗ ನೋಡಲು ಬಂದವರನ್ನು ತಮ್ಮವರೆಂದು ಕರೆಯುವ ಪ್ರಭು ಯೇಸು, ಈ ವರ್ಷ ಪಟ್ಟಿಯಲ್ಲಿ ಹೆಸರು ಕಂಡ ಮಕ್ಕಳನ್ನೂ ಕಾಣದ ಮಕ್ಕಳನ್ನೂ ಸಮನಾಗಿ ಆಶೀರ್ವದಿಸಲಿ. ಆಮೆನ್.